ಬೆನ್ನಿಗೆ ನಾಲ್ಕು ಹನಿ ಹಾಕೋ ಮುಂಚೆ ಡಬ್ಬಿ ಓದ್ರಿ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಡಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಚಿಗರಿ ಬಸ್ಸಿನಾಗ ಹುಬ್ಬಳ್ಳಿ ಕಡೆ ಹೊಂಟವರಿಗೂ ನಮಸ್ಕಾರ, ರಾತ್ರಿ ಊಟ ಮುಗಿಸಿ ನಾಯಿ ಕರ್ಕೊಂಡು ಅಡ್ಡಾಡೋರಿಗೂ ನಮಸ್ಕಾರ. ಇವತ್ತಿನ ಕಂತು ಆ ಎರಡನೇ ಗುಂಪಿಗೆ ಸ್ವಲ್ಪ ಹೆಚ್ಚು ಸಂಬಂಧಪಟ್ಟದ್ದು. ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವ. ಆದ್ರ ಒಂದು ತಪ್ಪು ಮಾಡಿ, ಅದರಿಂದ ಕಲಿತು, ಆಮೇಲೆ ಸಿಕ್ಕಿದ್ದೆಲ್ಲ ಓದಿ, ಡಾಕ್ಟರ್ ಹತ್ರ ತಲೆ ತಿಂದು ಈ ಕಂತು ಮಾಡೀನಿ. ಮೊದಲು ಆ ತಪ್ಪಿನ ಕಥೆ ಹೇಳ್ತೀನಿ.

ಹೋದ ವರ್ಷ ಜೂನ್. ಮಳೆ ಹಿಡಿದು ಒಂದು ವಾರ ಆಗಿತ್ತು. ನಾನಿರೋದು ಮಾಳಮಡ್ಡಿಯ ಒಂದು ಹಳೇ ಹಂಚಿನ ಮನೆಯ ಹಿಂದಿನ ಭಾಗದಲ್ಲಿ, ಬಾಡಿಗೆಗೆ. ಮುಂದಿನ ಭಾಗದಲ್ಲಿ ಮನೆ ಮಾಲಕರ ತಾಯಿ ಇರ್ತಾರ, ಓಣಿಯವರೆಲ್ಲ ಅವರಿಗೆ ಅಜ್ಜಿ ಅಂತೀವಿ. ನನ್ನ ಹತ್ರ ಬಂಡ್ಯಾ ಅಂತ ಒಂದು ನಾಯಿ. ಓಣಿ ನಾಯೀನೇ, ಆದ್ರ ಉದ್ದ ಕಾಲು, ಸಣ್ಣ ಸೊಂಟ ನೋಡಿದವರು ಅರ್ಧ ಮುಧೋಳ ಇರಬೇಕು ಅಂತಾರ. ಅಜ್ಜಿ ಹತ್ರ ಪುಟ್ಟಿ ಅಂತ ಬೆಕ್ಕು, ಮೂರು ಕೆ.ಜಿ. ಇರಬಹುದು. ಇವೆರಡರ ದೋಸ್ತಿ ಹ್ಯಾಂಗಂದ್ರ, ಮಳೆ ಬಂದ್ರ ಎರಡೂ ಒಂದೇ ಗೋಣಿ ಚೀಲದ ಮ್ಯಾಲ ಮಲಗೋವು.

ಆ ವಾರ ಬಂಡ್ಯಾನ ಕಿವಿ ಹಿಂದೆ ಕೈ ಆಡಿಸಿದಾಗ ಬೆರಳಿಗೆ ಗಂಟು ಗಂಟು ಸಿಕ್ಕಿತು. ಉಣ್ಣಿ. ನಿಮ್ಮ ಕಡೆ ಉಣುಗು ಅಂತಿರಬಹುದು, ಉಣ್ಣೆ ಅಂತಿರಬಹುದು. ಇಪ್ಪತ್ತರವರೆಗೆ ಎಣಿಸಿ ಬಿಟ್ಟೆ. ಸಂಜೆ ಒಂದು ಅಂಗಡಿಗೆ ಹೋಗಿ ಬೆನ್ನಿಗೆ ಹಾಕೋ ಡ್ರಾಪ್ಸ್ ಕೇಳಿದೆ. ನಾಯಿ ತೂಕ ಎಷ್ಟು ಅಂದ್ರು. ಹದಿನಾಲ್ಕು ಇರಬಹುದು ಅಂದೆ. ಅಂಗಡಿಯವರು ದೊಡ್ಡ ನಾಯಿಯ ಟ್ಯೂಬ್ ಕೊಟ್ಟು, 'ಅರ್ಧ ಈ ತಿಂಗಳು ಹಾಕ್ರಿ, ಅರ್ಧ ಮುಂದಿನ ತಿಂಗಳು. ಸಣ್ಣವು ಎರಡು ತಗೊಳ್ಳೋದಕ್ಕಿಂತ ಸೋವಿ ಬೀಳ್ತದ' ಅಂದ್ರು. ಕಾಮರ್ಸ್ ಓದಿದ ತಲೆ ನೋಡ್ರಿ, ಅಲ್ಲೇ ಲೆಕ್ಕ ಹಾಕಿ ಖುಷಿಪಟ್ಟೆ. ಮನೆಗೆ ಬಂದು ಡಬ್ಬಿ ಹರಿದು ಕಸದ ಬುಟ್ಟಿಗೆ ಎಸೆದು, ಅಂದಾಜಿನ ಮ್ಯಾಲ ಅರ್ಧ ಟ್ಯೂಬ್ ಹಿಂಡಿ, ಉಳಿದಿದ್ದಕ್ಕೆ ಸೆಲ್ಲೋಟೇಪ್ ಸುತ್ತಿ ಇಟ್ಟೆ. ಬಂಡ್ಯಾ ಎಂದಿನಂತೆ ಹೋಗಿ ಗೋಣಿ ಚೀಲದ ಮ್ಯಾಲ ಮಲಗಿದ.

ಬೆಳಿಗ್ಗೆ ಆರು ಗಂಟೆಗೆ ಅಜ್ಜಿ ಬಾಗಿಲು ಬಡಿದರು. 'ತಮ್ಮಾ, ಪುಟ್ಟಿಗೆ ಏನೋ ಆಗೇದ, ಲಗೂನ ಬಾ.'

ಹೋಗಿ ನೋಡಿದ್ರ ಬೆಕ್ಕಿನ ಕಿವಿ ಪಟಪಟ ಅಂತ ಅದರತಾವ, ಚರ್ಮ ಅಲ್ಲಲ್ಲಿ ಜುಂ ಅಂತದ, ಬಾಯಿಯಿಂದ ಜೊಲ್ಲು, ನಿಂತ್ರ ಕಾಲು ನಡುಗಿ ಕುಸೀತದ. ರಟ್ಟಿನ ಡಬ್ಬಿಯಲ್ಲಿ ಹಾಕ್ಕೊಂಡು ಓಡಿದ್ವಿ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಬೆಕ್ಕಿನ ಬಗ್ಗೆ ಅಲ್ಲ. 'ಮನ್ಯಾಗ ನಾಯಿ ಅದ ಏನು? ನಿನ್ನೆ ಅದಕ್ಕ ಏನರ ಹಚ್ಚೀರಿ?' ಎರಡನೇ ಪ್ರಶ್ನೆ: 'ಡಬ್ಬಿ ಎಲ್ಲದ?' ನಾನು ವಾಪಸ್ ಬಂದು ಕಸದ ಬುಟ್ಟಿ ತಡಕಾಡಿ ಹರಿದ ಡಬ್ಬಿ ತಂದೆ. ಅದರ ಮೂಲೆಯಲ್ಲಿ ಒಂದು ಸಣ್ಣ ಚಿತ್ರ ಇತ್ತು. ಬೆಕ್ಕು, ಅದರ ಮ್ಯಾಲ ಅಡ್ಡ ಗೆರೆ.

ಪುಟ್ಟಿ ಬದುಕಿತು. ಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಸೋಪು ಹಾಕಿ ಮೈ ತೊಳೆದ್ರು, ಸ್ನಾಯು ಸಡಿಲ ಆಗೋ ಇಂಜೆಕ್ಷನ್ ಕೊಟ್ರು, ಸಲೈನ್ ಹಚ್ಚಿದ್ರು. ಎರಡು ದಿನ ನಡುಗಿ ಮೂರನೇ ದಿನ ಹಾಲು ಕುಡೀತು. ನಾನು ಟ್ಯೂಬಿನಲ್ಲಿ ಉಳಿಸಿದ್ದು ಒಂದೆರಡು ನೂರು ರೂಪಾಯಿ. ಖರ್ಚಾದದ್ದನ್ನ ಹೇಳೋದಿಲ್ಲ, ನಮ್ಮ ಮನೆಯವರೂ ಈ ಪಾಡ್‌ಕಾಸ್ಟ್ ಕೇಳ್ತಾರ.

ನಾಯಿಗೆ ಔಷಧ, ಬೆಕ್ಕಿಗೆ ವಿಷ

ಆ ಟ್ಯೂಬಿನಲ್ಲಿ ಇದ್ದದ್ದು ಪರ್ಮೆಥ್ರಿನ್. ಹೆಸರು ಕೇಳಿದ ಹಂಗ ಅನಿಸಬಹುದು, ಯಾಕಂದ್ರ ಮನುಷ್ಯರಿಗೆ ತುರಿಕಜ್ಜಿ ಆದಾಗ ಕೊಡೋ ಕ್ರೀಮಿನಲ್ಲೂ ಇದೇ ಇರುತ್ತದೆ. ಆದ್ರ ಆ ಕ್ರೀಮಿನಲ್ಲಿ ಇರೋದು 5%. ನಾಯಿಯ ಕೆಲವು ಡ್ರಾಪ್ಸ್‌ನಲ್ಲಿ ಸುಮಾರು 50%. ಅಂದ್ರ ಹತ್ತು ಪಟ್ಟು.

ಈಗ ಲೆಕ್ಕ ಹಾಕೋಣ. 50% ಅಂದ್ರ ಒಂದು ಮಿಲಿಲೀಟರ್‌ನಲ್ಲಿ 500 ಮಿಲಿಗ್ರಾಂ. ನಾಲ್ಕು ಕೆ.ಜಿ. ಬೆಕ್ಕಿನ ಮೈಗೆ ಒಂದು ಮಿಲಿಲೀಟರ್ ತಾಗಿತು ಅಂದ್ರ ಕೆ.ಜಿ.ಗೆ 125 ಮಿಲಿಗ್ರಾಂ ಆಯಿತು. ಬೆಕ್ಕಿನ ಜೀವ ಹೋಗಲಿಕ್ಕೆ ಅಷ್ಟು ಸಾಕು. ಒಂದು ಮಿಲಿಲೀಟರ್ ಅಂದ್ರ ಟೀ ಚಮಚದ ಐದನೇ ಒಂದು ಭಾಗ. ನಾಯಿಯ ಲಿವರ್ ಈ ಪರ್ಮೆಥ್ರಿನ್ ಅನ್ನು ಒಡೆದು ಹೊರಗೆ ಹಾಕುತ್ತದೆ. ಬೆಕ್ಕಿನ ಲಿವರ್‌ನಲ್ಲಿ ಆ ಕೆಲಸಕ್ಕೆ ಬೇಕಾದ ಕಿಣ್ವ ಬಹಳ ಕಡಿಮೆ. ಹಂಗಾಗಿ ಔಷಧ ದೇಹದಲ್ಲೇ ಉಳಿದು ನರಗಳನ್ನ ಹಿಡಿದು ಅಲ್ಲಾಡಸ್ತದ. ನಡುಕ, ಆಮೇಲೆ ಫಿಟ್ಸ್.

ಬೆಕ್ಕಿಗೆ ನೇರವಾಗಿ ಹಾಕಲೇಬೇಕು ಅಂತಿಲ್ಲ, ಹಸಿ ಇದ್ದಾಗ ನಾಯಿಗೆ ಮೈ ತಿಕ್ಕಿದ್ರೂ, ನೆಕ್ಕಿದ್ರೂ ಅಪಾಯ. ನಮ್ಮ ಮನೆಯಲ್ಲಿ ಆದದ್ದು ಅದೇ. ಬೆಕ್ಕು ಇರೋ ಮನೆಯಲ್ಲಿ ಪರ್ಮೆಥ್ರಿನ್ ಇಲ್ಲದ ಡ್ರಾಪ್ಸ್ ಕೇಳಿ ತಗೊಳ್ಳೋದೇ ಒಳ್ಳೇದು. ಬೆಕ್ಕು ನಿಮ್ಮದೇ ಆಗಿರಬೇಕಾಗಿಲ್ಲ ನೋಡ್ರಿ. ಪಕ್ಕದ ಮನೆಯ ಬೆಕ್ಕು ನಿಮ್ಮ ಪಡಸಾಲಿಯಲ್ಲಿ ಮಲಗ್ತದ ಅಂದ್ರ ಅದೂ ಲೆಕ್ಕಕ್ಕೆ ಬಂತು.

ಇನ್ನೊಂದು ಹೆಚ್ಚು ಬಳಕೆಯಲ್ಲಿರೋ ಔಷಧ ಫಿಪ್ರೊನಿಲ್. ಇದು ಚರ್ಮದ ಮೇಲಿನ ಜಿಡ್ಡಿನಲ್ಲಿ ಕರಗಿ, ಒಂದೆರಡು ದಿನದಲ್ಲಿ ಇಡೀ ಮೈಗೆ ಹರಡಿಕೊಂಡು, ಜಿಡ್ಡಿನ ಗ್ರಂಥಿಗಳಲ್ಲಿ ಕೂತು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ. ರಕ್ತಕ್ಕೆ ಸೇರೋದು ಬಹಳ ಕಡಿಮೆ. ನರಕ್ಕೆ ಒಂದು ಬ್ರೇಕ್ ಇರುತ್ತದೆ ಅಂದುಕೊಳ್ರಿ. ಫಿಪ್ರೊನಿಲ್ ಉಣ್ಣಿ, ಚಿಗಟಗಳ ಆ ಬ್ರೇಕ್ ಹಿಡಿಯದ ಹಂಗ ಮಾಡ್ತದ, ನರ ಓಡಿ ಓಡಿ ಹುಳ ಸಾಯ್ತದ. ಹುಳದ ನರಕ್ಕೆ ಅದು ಅಂಟಿಕೊಳ್ಳೋ ಹಂಗ ನಾಯಿಯ, ಮನುಷ್ಯರ ನರಕ್ಕೆ ಅಂಟೋದಿಲ್ಲ, ಅದಕ್ಕೇ ನಾಯಿ ಉಳೀತದ. ಆದ್ರ ಮೊಲಕ್ಕೆ ಫಿಪ್ರೊನಿಲ್ ಹಾಕಲೇಬಾರದು, ಸಾಯ್ತಾವ. ಕೋಳಿಗೂ ಬ್ಯಾಡ. 2017ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಕೋಳಿ ಫಾರಂಗಳ ಹೇನಿಗೆ ಕಾನೂನುಬಾಹಿರವಾಗಿ ಫಿಪ್ರೊನಿಲ್ ಬಳಸಿ, ಯುರೋಪಿನ ದೇಶಗಳಲ್ಲಿ ಲಕ್ಷಗಟ್ಟಲೆ ಮೊಟ್ಟೆ ನಾಶ ಮಾಡಬೇಕಾಯಿತು. ನಾಯಿಗೆ ಹಾಕಿ ಉಳೀತು ಅಂತ ಮನೆಯ ಜವಾರಿ ಕೋಳಿಗೆ ಹಾಕೋರು ಇದ್ದಾರ, ಅದಕ್ಕ ಹೇಳಿದೆ.

ಹಂಗಂದ್ರ ಔಷಧ ಹಾಕೋದೇ ಬ್ಯಾಡ ಅಂತೀಯೇನು ಅಂತ ಕೇಳಬಹುದು. ಇಲ್ಲ. ಹಾಕದಿದ್ರ ಆಗೋದು ಇನ್ನೂ ಕೆಟ್ಟದ್ದು. ನಮ್ಮಲ್ಲಿ ನಾಯಿಗೆ ಹತ್ತೋ ಕಂದು ಬಣ್ಣದ ಉಣ್ಣಿ ಎರ್ಲಿಕಿಯಾ, ಬಬೇಸಿಯಾ ಅನ್ನೋ ರೋಗಗಳನ್ನ ತರ್ತದ. ಜನ ಎರಡಕ್ಕೂ ಸೇರಿಸಿ ಟಿಕ್ ಫೀವರ್ ಅಂತಾರ. ಜ್ವರ, ಊಟ ಬಿಡೋದು, ವಸಡು ಬೆಳ್ಳಗಾಗೋದು, ಪ್ಲೇಟ್‌ಲೆಟ್ ಇಳಿದು ಮೂಗಿನಿಂದ ರಕ್ತ, ಬಬೇಸಿಯಾ ಆದ್ರ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗೋದು. ಇದರಿಂದ ನಾಯಿ ಕಳಕೊಂಡವರು ಈ ಊರಲ್ಲಿ ಪ್ರತಿ ಓಣಿಗೊಬ್ಬರು ಸಿಗ್ತಾರ. ಹಾಕಬೇಕು, ಆದ್ರ ಸರಿಯಾಗಿ ಹಾಕಬೇಕು.

'ಎಣ್ಣಿ' ಅಂದ್ರ ಎಣ್ಣಿ ಅಲ್ಲ

ನಮ್ಮ ಕಡೆ ಬೆಳೆಗೆ ಹೊಡೆಯೋ ಕೀಟನಾಶಕಕ್ಕೆ ಎಣ್ಣಿ ಅಂತಾರ. 'ಹೊಲಕ್ಕ ಎಣ್ಣಿ ಹೊಡದು ಬಂದೆ' ಅಂದ್ರ ಅರ್ಥ ಎಲ್ಲರಿಗೂ ಗೊತ್ತು. ಈ ಮಾತಿನಿಂದಲೇ ಅರ್ಧ ಅನಾಹುತ ಆಗ್ತದ ಅಂತ ನನಗ ಅನಿಸ್ತದ. ಎಣ್ಣಿ ಅಂದ ಕೂಡಲೇ ಹಚ್ಚಬಹುದು ಅಂತ ಮನಸ್ಸಿಗೆ ಬರ್ತದ. ಊರಿಗೆ ಹೋದಾಗ ನಮ್ಮ ಕಾಕಾ ಬಂಡ್ಯಾನ್ನ ನೋಡಿ ಹೇಳಿದ್ದೂ ಅದೇ: 'ಅಷ್ಟು ರೊಕ್ಕ ಯಾಕ ಕೊಡ್ತಿಯೋ, ಮೆಣಸಿನಕಾಯಿಗೆ ಹೊಡಿಯೋ ಎಣ್ಣಿ ಐತಿ, ಒಂದು ಮುಚ್ಚಳ ನೀರಿಗೆ ಹಾಕಿ ಮೈಗೆ ಸವರು, ಒಂದು ಉಣ್ಣಿ ಉಳಿಯೂದಿಲ್ಲ.'

ಕಾಕಾ ಸುಳ್ಳು ಹೇಳಲಿಲ್ಲ. ಮೆಣಸಿನಕಾಯಿ, ಕಬ್ಬು, ಭತ್ತಕ್ಕೆ ಬಳಸೋ ಒಂದು ಕೀಟನಾಶಕದಲ್ಲೂ ಫಿಪ್ರೊನಿಲ್ ಇರುತ್ತದೆ. ಹತ್ತಿಗೆ ಹೊಡೆಯೋ ಇಮಿಡಾಕ್ಲೋಪ್ರಿಡ್ ಕೂಡ ನಾಯಿಯ ಕೆಲವು ಡ್ರಾಪ್ಸ್‌ನಲ್ಲಿ ಇದೆ. ಹೆಸರು ಒಂದೇ. ಆದ್ರ ಹೊಲದ ಬಾಟಲಿಯಲ್ಲಿ ಔಷಧದ ಜೊತೆ ಇರೋ ದ್ರಾವಕ, ನೀರಿಗೆ ಬೆರೆಯಲಿ ಅಂತ ಹಾಕಿದ ರಾಸಾಯನಿಕ, ಎಲೆಗೆ ಅಂಟಲಿ ಅಂತ ಹಾಕಿದ್ದು, ಇವೆಲ್ಲ ಗಿಡಕ್ಕೆ ಲೆಕ್ಕ ಹಾಕಿ ಮಾಡಿದ್ದು. ನಾಯಿಯ ಚರ್ಮಕ್ಕೆ ಎಷ್ಟು ಇಳೀತದ, ನೆಕ್ಕಿದ್ರ ಏನಾಗ್ತದ ಅಂತ ಯಾರೂ ನೋಡಿ ಮಾಡಿದ್ದಲ್ಲ. ಮುಚ್ಚಳದ ಅಳತೆಯಂತೂ ಬಿಡ್ರಿ.

ಬಾಟಲಿ ನೋಡಿದ್ರೇ ವ್ಯತ್ಯಾಸ ಗೊತ್ತಾಗ್ತದ. ಹೊಲದ ಕೀಟನಾಶಕದ ಮ್ಯಾಲ ಚೌಕಾಕಾರದ ಬಣ್ಣದ ಗುರುತು ಇರುತ್ತದೆ. ಕೆಂಪು ಅಂದ್ರ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಇದು 1968ರ ಕೀಟನಾಶಕ ಕಾಯ್ದೆಯ ಕೆಳಗೆ ಬಂದ ನಿಯಮ. ಪಶುಗಳ ಔಷಧ ಬೇರೆ ಕಾನೂನಿನ ಕೆಳಗೆ ಬರ್ತದ, ಅದರ ಮ್ಯಾಲ ಮನುಷ್ಯರ ಬಳಕೆಗಲ್ಲ, ಪ್ರಾಣಿಗಳ ಚಿಕಿತ್ಸೆಗೆ ಮಾತ್ರ ಅಂತ ಇಂಗ್ಲಿಷಿನಲ್ಲಿ ಬರೆದು, ಪ್ರಾಣಿಯ ತಲೆಯ ಚಿತ್ರ ಹಾಕಿರಬೇಕು. ಬಣ್ಣದ ಚೌಕ ಕಂಡ್ರ ಅದು ನಾಯಿಯ ಮೈಗೆ ಅಲ್ಲ. ಇಷ್ಟು ನೆನಪಿಟ್ರ ಸಾಕು.

ದನದ ಉಣ್ಣಿಗೆ ಬಳಸೋ ಡೆಲ್ಟಾಮೆಥ್ರಿನ್, ನಾಯಿಗೂ ಡಾಕ್ಟರ್ ಕೊಡೋ ಅಮಿಟ್ರಾಜ್, ಇವು ಸ್ವಲ್ಪ ಬೇರೆ ವಿಷಯ. ಇವು ಪ್ರಾಣಿಗಳಿಗೇ ಇರೋ ಔಷಧ, ಆದ್ರ ಗಟ್ಟಿ ದ್ರಾವಣ. ಲೀಟರ್ ನೀರಿಗೆ ಇಷ್ಟೇ ಮಿಲಿಲೀಟರ್ ಅಂತ ಅಳೆದು ಬೆರೆಸಬೇಕು. ನೀರು ಬೆರೆಸದೆ ನೇರ ಹಚ್ಚಿದ್ರ ನಾಯಿ ಬಿದ್ದುಹೋಗಬಹುದು. ಅಮಿಟ್ರಾಜ್ ಹೆಚ್ಚಾದ್ರ ಲಕ್ಷಣ ಮೋಸ ಮಾಡ್ತದ: ಒದ್ದಾಟ ಇಲ್ಲ, ನಡುಕ ಇಲ್ಲ, ನಾಯಿ ಸುಮ್ಮನೆ ಮಂಪರು ಹತ್ತಿ ಮಲಗಿಬಿಡ್ತದ. ಎದೆಬಡಿತ ನಿಧಾನ ಆಗಿ ಮೈ ತಣ್ಣಗಾಗ್ತದ. 'ಔಷಧ ಹಾಕಿದ ಮ್ಯಾಲ ಆರಾಮ ಮಲಗ್ಯಾನ' ಅಂತ ಬಿಟ್ಟು ಬೆಳಿಗ್ಗೆ ನೋಡೋದಲ್ಲ ಅದು. ಮರಿಗಳಿಗೆ, ಸಕ್ಕರೆ ಕಾಯಿಲೆ ಇರೋ ನಾಯಿಗೆ ಇದು ಬ್ಯಾಡ.

ಚಿಮಣಿ ಎಣ್ಣಿ ಹಚ್ಚೋದು, ಉಣ್ಣಿಗೆ ಬೆಂಕಿಕಡ್ಡಿ ತಾಗಿಸೋದು, ಇವೆರಡನ್ನೂ ಹಿರಿಯರು ಹೇಳ್ತಾರ. ಚಿಮಣಿ ಎಣ್ಣಿ ಚರ್ಮ ಸುಡ್ತದ, ನೆಕ್ಕಿದಾಗ ಶ್ವಾಸಕೋಶಕ್ಕೆ ಹೋದ್ರ ನ್ಯುಮೋನಿಯಾ. ಬೆಂಕಿಕಡ್ಡಿ ಬಗ್ಗೆ ಹೇಳೋ ಅಗತ್ಯ ಇಲ್ಲ ಅಂದುಕೊಂಡೀನಿ.

ತೂಕದ ಲೆಕ್ಕ

ನನ್ನ ಅರ್ಧ ಟ್ಯೂಬಿನ ಲೆಕ್ಕಕ್ಕೆ ಬರೋಣ. ಫಿಪ್ರೊನಿಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಹತ್ತು ಕೆ.ಜಿ.ವರೆಗಿನ ನಾಯಿಗೆ 0.67 ಮಿಲಿಲೀಟರ್, 10ರಿಂದ 20 ಕೆ.ಜಿ.ಗೆ 1.34, 20ರಿಂದ 40ಕ್ಕೆ 2.68. ಪ್ರತಿ ಸಲ ದುಪ್ಪಟ್ಟು. ಅಂಗಡಿಯವರು ಹೇಳೋ ಅರ್ಧದ ಉಪಾಯ ಹುಟ್ಟಿದ್ದು ಇಲ್ಲಿಂದ ಇರಬೇಕು, ಕಾಗದದ ಮ್ಯಾಲ ಲೆಕ್ಕ ಸರಿ ಕಾಣ್ತದ. ಆದ್ರ ಬೇರೆ ಔಷಧಗಳಲ್ಲಿ ಈ ಏರಿಕೆ ದುಪ್ಪಟ್ಟು ಇರೋದಿಲ್ಲ, ಅಲ್ಲಿ ಅರ್ಧ ಅಂದ್ರ ಕಡಿಮೆ ಬೀಳ್ತದ. ಟ್ಯೂಬಿನ ಮ್ಯಾಲ ಗೆರೆ ಇಲ್ಲ, ಕಣ್ಣಂದಾಜಿನಲ್ಲಿ ಅರ್ಧ ಅನ್ನೋದು ಕಾಲೂ ಆಗಬಹುದು, ಮುಕ್ಕಾಲೂ ಆಗಬಹುದು. ತೆರೆದಿಟ್ಟ ಉಳಿದರ್ಧ ಒಂದು ತಿಂಗಳಲ್ಲಿ ಆರಿ, ಗಟ್ಟಿಯಾಗಿ, ಎಷ್ಟು ಶಕ್ತಿ ಉಳೀತದೋ ಲೆಕ್ಕವೇ ಇಲ್ಲ. ಕಡಿಮೆ ಬಿದ್ರ ಉಣ್ಣಿ ಸಾಯೋದಿಲ್ಲ. ಹೆಚ್ಚು ಬಿದ್ರ ಸಣ್ಣ ನಾಯಿಗೆ ಹೊರೆ.

ಸಣ್ಣ ನಾಯಿಯ ವಿಷಯದಲ್ಲಿ ಅಮೆರಿಕದ್ದೊಂದು ಉದಾಹರಣೆ ಇದೆ. ಅಲ್ಲಿ 2008ರ ಒಂದೇ ವರ್ಷದಲ್ಲಿ ಚಿಗಟ, ಉಣ್ಣಿ ಔಷಧಗಳಿಂದ ತೊಂದರೆ ಆಗಿರಬಹುದು ಅಂತ 44,000ಕ್ಕೂ ಹೆಚ್ಚು ದೂರು ಬಂದವು. ಚರ್ಮ ಕೆಂಪಾಗಿದ್ದರಿಂದ ಹಿಡಿದು ಫಿಟ್ಸ್, ಸಾವಿನವರೆಗೆ. ಎಲ್ಲವೂ ಔಷಧದಿಂದಲೇ ಅಂತ ಸಾಬೀತಾದ ದೂರುಗಳಲ್ಲ. ಆದ್ರೂ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2009ರಲ್ಲಿ ತನಿಖೆ ಶುರುಮಾಡಿ, 2010ರ ಮಾರ್ಚ್‌ನಲ್ಲಿ ಫಲಿತಾಂಶ ಹೇಳಿತು. ಹೆಚ್ಚು ತೊಂದರೆ ಆದದ್ದು ಸಣ್ಣ ನಾಯಿಗಳಿಗೆ. ತೂಕದ ಗುಂಪುಗಳು ಬಹಳ ಅಗಲ, ಲೇಬಲ್ ಸ್ಪಷ್ಟ ಇಲ್ಲ. ಮತ್ತ ನಾಯಿಯ ಔಷಧ ಬೆಕ್ಕಿಗೆ ತಾಗಿದ ಪ್ರಕರಣಗಳು. ಅದನ್ನ ಓದಿದಾಗ ನಮ್ಮ ಮಾಳಮಡ್ಡಿಯ ಗೋಣಿ ಚೀಲವೇ ಕಣ್ಣಮುಂದೆ ಬಂತು.

ತೂಕ ನೋಡೋದು ಸುಲಭ. ನೀವು ಒಬ್ಬರೇ ತೂಕದ ಯಂತ್ರದ ಮ್ಯಾಲ ನಿಲ್ರಿ, ಆಮೇಲೆ ನಾಯಿ ಎತ್ಕೊಂಡು ನಿಲ್ರಿ, ಕಳೀರಿ. ಹದಿನಾಲ್ಕು ಅಂದುಕೊಂಡಿದ್ದ ಬಂಡ್ಯಾ ಹನ್ನೊಂದೂವರೆ ಇದ್ದ. ಮುಧೋಳದಂಥ ಎತ್ತರದ, ತೆಳ್ಳನೆ ನಾಯಿ ನೋಡಿದ್ರ ಕಣ್ಣು ಯಾವಾಗಲೂ ಹೆಚ್ಚೇ ಹೇಳ್ತದ.

ಹಾಕೋ ಕ್ರಮ

ಹಾಕೋ ಮುಂಚೆ ಎರಡು ದಿನ ಸ್ನಾನ ಬ್ಯಾಡ, ಹಾಕಿದ ಮ್ಯಾಲ ಎರಡು ದಿನ ಬ್ಯಾಡ. ಶಾಂಪೂ ಹಾಕಿ ತೊಳೆದು, ಒರೆಸಿ, ಚಂದ ಮಾಡಿ, ಅದೇ ಸಂಜೆ ಡ್ರಾಪ್ಸ್ ಹಾಕೋರು ಬಹಳ ಮಂದಿ. ಔಷಧ ಹರಡಲಿಕ್ಕೆ ಬೇಕಾದ ಜಿಡ್ಡನ್ನೇ ತೊಳೆದುಬಿಟ್ರ ಅದು ಹರಡೋದು ಹ್ಯಾಂಗ?

ಗಾಯ, ಹುಣ್ಣು ಇರೋ ಜಾಗ ಬಿಡ್ರಿ. ಕೈಗವಸು ಹಾಕ್ಕೊಳ್ರಿ, ಇಲ್ಲಂದ್ರ ಕೈ ಸೋಪಿನಿಂದ ತೊಳೀರಿ. ಭುಜದ ಎರಡು ಎಲುಬುಗಳ ನಡುವೆ, ಕುತ್ತಿಗೆಯ ಬುಡದಲ್ಲಿ ಕೂದಲು ಸರಿಸಿ, ಬಿಳಿ ಚರ್ಮ ಕಾಣಬೇಕು. ಟ್ಯೂಬಿನ ತುದಿ ಚರ್ಮಕ್ಕೇ ತಾಗಿಸಿ ನಿಧಾನಕ್ಕೆ ಹಿಂಡ್ರಿ. ಕೂದಲ ಮ್ಯಾಲ ಸುರಿದ್ರ ಔಷಧ ಕೂದಲಿಗೇ ಹೋಯಿತು. ಆ ಜಾಗವೇ ಯಾಕಂದ್ರ ನಾಯಿಯ ನಾಲಿಗೆ ಅಲ್ಲಿಗೆ ಮುಟ್ಟೋದಿಲ್ಲ. ಬಂಡ್ಯಾನಂಥ ಗಿಡ್ಡ ಕೂದಲಿನ ನಾಯಿಗೆ ಒಂದೇ ಕಡೆ ಹಾಕಿದ್ರ ಪಕ್ಕೆಗೆ ಹರಿದು ಹೋಗ್ತದ, ಹಂಗಾಗಿ ಡಬ್ಬಿಯಲ್ಲಿ ಹೇಳಿದಂತೆ ಬೆನ್ನಿನ ಮ್ಯಾಲ ಎರಡು ಮೂರು ಕಡೆ ಹಂಚಿ ಹಾಕಬಹುದು. ತಿಕ್ಕಬ್ಯಾಡ್ರಿ, ಮಸಾಜ್ ಬ್ಯಾಡ.

ಅವತ್ತು ರಾತ್ರಿ ಹುಡುಗರು ನಾಯಿಯನ್ನ ಅಪ್ಪಿಕೊಂಡು ಮಲಗೋದು ಬ್ಯಾಡ. ಎರಡು ನಾಯಿ ಇದ್ರ ಒಣಗೋವರೆಗೆ ಬೇರೆ ಬೇರೆ ಕಟ್ರಿ, ಒಂದರ ಬೆನ್ನು ಇನ್ನೊಂದು ನೆಕ್ತದ. ಕೆಲವು ಡ್ರಾಪ್ಸ್‌ನಲ್ಲಿ ಸ್ಪಿರಿಟ್ ಇರುತ್ತದೆ, ಒಲೆ, ದೀಪದಿಂದ ದೂರ ಇಡ್ರಿ. ಎಂಟು ವಾರದೊಳಗಿನ ಮರಿ, ಬಸುರಿ ನಾಯಿ, ಹಾಲುಣಿಸೋ ನಾಯಿ, ಜ್ವರ ಬಂದ ನಾಯಿ, ಇವಕ್ಕೆ ಡಾಕ್ಟರ್ ಕೇಳದೆ ಏನೂ ಹಾಕಬ್ಯಾಡ್ರಿ. ಮರಿಗೆ ಉಣ್ಣಿ ಹತ್ತಿದ್ರ ಚಿಮಟಿಗೆಯಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆದು, ಸೋಪಿನ ನೀರಿಗೋ ಸ್ಪಿರಿಟ್‌ಗೋ ಹಾಕ್ರಿ. ಉಗುರಿನಿಂದ ಒಡೆಯೋ ಚಟ ಇದ್ರ ಬಿಡ್ರಿ, ಒಳಗಿನ ರಕ್ತ ನಿಮ್ಮ ಕೈಗೆ ಹತ್ತೋದು ಯಾಕ?

ಇನ್ನು ಕೆಲವರು ಕೆಲಗೇರಿ ಕೆರೆಗೆ, ಉಣಕಲ್ ಕೆರೆಗೆ ನಾಯಿ ಕರ್ಕೊಂಡು ಹೋಗ್ತೀರಿ. ಔಷಧ ಹಾಕಿದ ವಾರ ನೀರಿಗೆ ಇಳಿಸಬ್ಯಾಡ್ರಿ. ಔಷಧ ವ್ಯರ್ಥ ಆಗೋದು ಒಂದು. ಇನ್ನೊಂದು, ಈ ಔಷಧ ನೀರಿನ ಹುಳಗಳಿಗೂ ವಿಷ. ಇಂಗ್ಲೆಂಡಿನಲ್ಲಿ 2020ರಲ್ಲಿ ಬಂದ ಸಸೆಕ್ಸ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಅಲ್ಲಿನ ನದಿ ನೀರಿನ ಮಾದರಿಗಳಲ್ಲಿ 98%ರಲ್ಲಿ ಫಿಪ್ರೊನಿಲ್ ಸಿಕ್ಕಿತು. ನಾಯಿ, ಬೆಕ್ಕಿಗೆ ಹಾಕಿದ್ದೇ ಅದಕ್ಕೆ ದೊಡ್ಡ ಕಾರಣ ಇರಬೇಕು ಅಂತ ಸಂಶೋಧಕರು ಹೇಳಿದರು. ಖಾಲಿ ಟ್ಯೂಬನ್ನೂ ಚರಂಡಿಗೆ ಎಸೀಬ್ಯಾಡ್ರಿ.

ಮರುದಿನವೂ ಉಣ್ಣಿ ಕಂಡ್ರ

ಇಲ್ಲಿ ಬಹಳ ಮಂದಿ ಎಡವ್ತಾರ. ಔಷಧ ಹಾಕಿ ಮರುದಿನ ನೋಡಿದ್ರ ಮೈಮ್ಯಾಲ ಉಣ್ಣಿ ಓಡಾಡ್ತಾವ. 'ಡೂಪ್ಲಿಕೇಟ್ ಕೊಟ್ಟಾರ' ಅಂತ ಇನ್ನೊಂದು ಟ್ಯೂಬ್ ಹಾಕ್ತಾರ. ಇಲ್ಲಾ ಮ್ಯಾಲೊಂದು ಔಷಧದ ಪಟ್ಟಿ ಕೊರಳಿಗೆ ಕಟ್ತಾರ, ಅದೂ ಸಾಲದು ಅಂತ ಒಂದು ಇಂಜೆಕ್ಷನ್. ಮೂರು ವಿಷ ಒಂದೇ ಮೈಯಲ್ಲಿ.

ಉಣ್ಣಿ ಮುಟ್ಟಿದ ಕೂಡಲೇ ಸಾಯೋದಿಲ್ಲ, ಎರಡು ದಿನ ಬೇಕು. ಮತ್ತ ನಮ್ಮ ಕಂದು ಉಣ್ಣಿ ಮನೆಯಲ್ಲೇ ಸಂಸಾರ ಮಾಡೋ ಹುಳ. ಮರಿ ಉಣ್ಣಿ ರಕ್ತ ಕುಡಿದು ಕೆಳಗೆ ಬೀಳ್ತದ, ಗೋಡೆಯ ಬಿರುಕಿನಲ್ಲಿ ಕೂತು ಪೊರೆ ಬಿಟ್ಟು ಮತ್ತ ನಾಯಿ ಹತ್ತತದ, ಹಿಂಗ ಮೂರು ಸಲ. ಹೊಟ್ಟೆ ತುಂಬಿದ ಹೆಣ್ಣು ಉಣ್ಣಿ ಕೊನೆಗೆ ಅದೇ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡ್ತದ. ಊಟ ಇಲ್ಲದೆ ತಿಂಗಳುಗಟ್ಟಲೆ ಬದುಕ್ತದ. ನಮ್ಮ ಹಳೇ ಮನೆಗಳ ಮಣ್ಣಿನ ಗೋಡೆ, ಹಂಚಿನ ಸಂದಿ, ಹಾಸುಗಲ್ಲಿನ ನಡುವಿನ ಬಿರುಕು ಅದಕ್ಕೆ ಅರಮನೆ. ಗೋಡೆ ಹತ್ತಿ ಹೋಗೋ ಉಣ್ಣಿ ನೋಡೀರಲ್ಲ, ಅದೇ.

ಹಂಗಾಗಿ ನಾಯಿಯ ಮೈಮ್ಯಾಲ ಕಾಣೋದು ಮನೆಯಲ್ಲಿ ಇರೋದರ ಸಣ್ಣ ಭಾಗ. ನಾನು ಮಾಡಿದ್ದು ಇಷ್ಟು: ಗೋಣಿ ಚೀಲ ಸುಟ್ಟು, ಕುದಿಯೋ ನೀರಿನಲ್ಲಿ ತೊಳೆಯಬಹುದಾದ ಹಳೇ ಚಾದರ ಹಾಸಿದೆ, ವಾರಕ್ಕೊಮ್ಮೆ ಬಿಸಿಲಿಗೆ. ಗೋಡೆಯ ಬಿರುಕಿಗೆ ಸಿಮೆಂಟು ತುಂಬಿಸಿ ಸುಣ್ಣ ಹೊಡೆಸಿದೆ, ಅಜ್ಜಿ ಅರ್ಧ ಖರ್ಚು ಕೊಟ್ಟರು. ಆಮೇಲೆ ಪ್ರತಿ ತಿಂಗಳು ಅದೇ ತಾರೀಖಿಗೆ ಡ್ರಾಪ್ಸ್. ಮೂರು ತಿಂಗಳಾದ ಮ್ಯಾಲ ಕಿವಿ ಹಿಂದೆ ಏನೂ ಸಿಗಲಿಲ್ಲ.

ಔಷಧ ಹಾಕಿದ ಜಾಗದಲ್ಲಿ ಜಿಡ್ಡು, ಸ್ವಲ್ಪ ತುರಿಕೆ, ನೆಕ್ಕಿದ್ರ ಕಹಿಗೆ ಜೊಲ್ಲು, ಇಷ್ಟು ಸಾಮಾನ್ಯ. ನಡುಕ, ತೂರಾಡೋದು, ಬಿಡದೆ ವಾಂತಿ, ಎಬ್ಬಿಸಿದ್ರೂ ಏಳದಂಥ ಮಂಪರು, ಫಿಟ್ಸ್, ಇವು ಕಂಡ್ರ ಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಸೋಪಿನಿಂದ ಮೈ ತೊಳೆದು, ಒರೆಸಿ ಬೆಚ್ಚಗೆ ಸುತ್ತಿ ಡಾಕ್ಟರ್ ಹತ್ರ ಒಯ್ಯಿರಿ. ಫಿಟ್ಸ್ ಬರ್ತಿದ್ರ ತೊಳೀತಾ ಕೂಡಬ್ಯಾಡ್ರಿ, ಮೊದಲು ಆಸ್ಪತ್ರೆ. ತಣ್ಣೀರು ಬ್ಯಾಡ, ವಾಂತಿ ಮಾಡಿಸೋದು ಬ್ಯಾಡ, ಹಾಲು ಕುಡಿಸೋದು ಬ್ಯಾಡ. ಡಬ್ಬಿ ಜೊತೆಗೆ ಇರಲಿ. ಹಳ್ಳಿಯಲ್ಲಿ ಇದ್ರ ಸರ್ಕಾರದ ಪಶು ಸಂಜೀವಿನಿ ವಾಹನಕ್ಕೆ 1962ಕ್ಕೆ ಫೋನ್ ಮಾಡಬಹುದು.

ನೀವು ಕೇಳಿದ್ದು

'ಡ್ರಾಪ್ಸ್ ಬಿಟ್ಟು ಗುಳಿಗಿ ಕೊಡಬಹುದಾ?' ಕೊಡಬಹುದು, ಬೆಕ್ಕು, ಸಣ್ಣ ಕೂಸು ಇರೋ ಮನೆಗೆ ಅದೇ ಅನುಕೂಲ, ಮೈಗೆ ಅಂಟೋದು ಏನೂ ಇಲ್ಲ. ಆದ್ರ ಈಗ ಬರೋ ಜಗಿಯೋ ಗುಳಿಗಿಗಳ ಬಗ್ಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಂದು ಎಚ್ಚರಿಕೆ ಕೊಟ್ಟಿದೆ, ಕೆಲವು ನಾಯಿಗಳಲ್ಲಿ ನಡುಕ, ಫಿಟ್ಸ್ ಬರಬಹುದು ಅಂತ. ನಿಮ್ಮ ನಾಯಿಗೆ ಮೊದಲೇ ಫಿಟ್ಸ್ ಬಂದಿದ್ರ ಡಾಕ್ಟರ್‌ಗೆ ಹೇಳ್ರಿ.

'ಉಣ್ಣಿ ಇಂಜೆಕ್ಷನ್ ಹ್ಯಾಂಗ?' ಅದು ಐವರ್‌ಮೆಕ್ಟಿನ್ ಆಗಿದ್ರ ಕೋಲಿ ಜಾತಿಯ ನಾಯಿಗಳಿಗೆ ಪ್ರಾಣಾಪಾಯ. ಅವುಗಳಲ್ಲಿ ಹಲವಕ್ಕೆ ಈ ಔಷಧ ಮೆದುಳಿಗೆ ಹೋಗದಂತೆ ತಡೆಯೋ ವ್ಯವಸ್ಥೆಯಲ್ಲಿ ಹುಟ್ಟಿನಿಂದಲೇ ದೋಷ ಇರುತ್ತದೆ. ಡಾಕ್ಟರ್ ಅಲ್ಲದವರ ಕೈಯಲ್ಲಿ ಇಂಜೆಕ್ಷನ್ ಹಾಕಿಸಬ್ಯಾಡ್ರಿ.

ಸಿದ್ದಾಪುರದಿಂದ ಒಬ್ಬರು, ನಾಯಿಯ ಉಣ್ಣಿಯಿಂದ ಮಂಗನ ಕಾಯಿಲೆ ಬರ್ತದೇನು ಅಂತ ಕೇಳ್ಯಾರ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ರೋಗ ಹರಡೋದು ಮುಖ್ಯವಾಗಿ ಕಾಡಿನ ಬೇರೆ ಜಾತಿಯ ಉಣ್ಣಿಯಿಂದ, ಮನೆಯ ಕಂದು ಉಣ್ಣಿಯಿಂದ ಅಲ್ಲ. ಆದ್ರ ನಿಮ್ಮ ನಾಯಿ ಕಾಡಿಗೆ ಹೋಗಿ ಬರೋದಾದ್ರ ಕಾಡಿನ ಉಣ್ಣಿಯನ್ನ 'ಮೈಮ್ಯಾಲ ಹೊತ್ತು' ತರಬಹುದು, ಡಿಸೆಂಬರ್‌ನಿಂದ ಮೇ ತನಕ ಹುಷಾರಾಗಿರ್ರಿ. ಆರೋಗ್ಯ ಇಲಾಖೆಯವರು ಕೊಡೋ ಡೆಪಾ ತೈಲ ನಿಮ್ಮ ಕೈಕಾಲಿಗೆ, ನಾಯಿಗೆ ಅಲ್ಲ.

ಕೊನೆಗೆ ಪುಟ್ಟಿಯ ಸುದ್ದಿ. ಆರಾಮ ಅದ, ದಪ್ಪ ಆಗೇದ. ನಾನು ಈಗ ಪರ್ಮೆಥ್ರಿನ್ ಇಲ್ಲದ ಡ್ರಾಪ್ಸ್ ತರ್ತೀನಿ, ಡಬ್ಬಿಯ ನಾಲ್ಕೂ ಬದಿಯ ಫೋಟೋ ತಗೊಂಡು ಅಜ್ಜಿಗೆ ವಾಟ್ಸ್ಆ್ಯಪ್ ಮಾಡ್ತೀನಿ. ಅಜ್ಜಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಕೆಂಪು ಪೆನ್ನಿನಿಂದ 'ನಾಯಿ ಎಣ್ಣಿ' ಅಂತ ಬರೆದು, ಎರಡು ದಿನ ಪುಟ್ಟಿಯನ್ನ ಒಳಗಿನ ಕೋಣೆಯಲ್ಲಿ ಇಟ್ಕೊಳ್ತಾರ. ಎಣ್ಣಿ ಅಲ್ಲ ಅಜ್ಜಿ, ಔಷಧ ಅಂದ್ರ ಕೇಳೋದಿಲ್ಲ.